ಹೊತ್ತು ತಿಂದ ಬಾವುಟ

ಹಗಲಲ್ಲೇ ನಕ್ಷತ್ರ ತೋರಿಸುವುದು
ನನ್ನ ಕಸುಬು. ಬೆದರಿಕೆಯಲ್ಲ, ನಿಜವಾಗಿ.
ಶಾರ್ಜಾದ ರೋಲಾ ಪೇಟೆಯ ಹಿಂದೆ
ಎರಡನೇ ಗಲ್ಲಿ, ಇಸ್ತ್ರಿ ಅಂಗಡಿಯ ಮೇಲೆ
ನಾಲ್ಕು ಮಿಷನ್ನು, ಕೆಮ್ಮುವ ಒಂದು ಏಸಿ.
ಹಡಗಿಗೆ, ಹೋಟೆಲಿಗೆ, ಶಾಲೆಯ ಮೆರವಣಿಗೆಗೆ
ಯಾವ ದೇಶ ಬೇಕಾದರೂ ಮಾಡಿಕೊಡುತ್ತೇವೆ,
ಮೀಟರಿಗೆ ಇಷ್ಟು, ಎರಡು ದಿನ ವಾಯಿದೆ.

ಐದು ಮೂಲೆಯ ಚುಕ್ಕಿಗೆ ಒಂದು ಗುಟ್ಟುಂಟು:
ಹೀಗೆ ಮಡಿಚಿ, ಮತ್ತೆ ಹೀಗೆ,
ಓರೆಯಾಗಿ ಒಂದೇ ಕತ್ತರಿ.
ಬಿಡಿಸಿದರೆ ನಕ್ಷತ್ರ.
ಗಂಗೊಳ್ಳಿಯಲ್ಲಿ ಹಾಯಿ ಹೊಲಿಯುತ್ತಿದ್ದ ಅಪ್ಪಯ್ಯ
ಗೂಡುದೀಪದ ಕಾಗದದಲ್ಲಿ ಕಲಿಸಿದ್ದು.
ಮುಂದೆ ಅದು ಘಾನಾಕ್ಕೂ ವಿಯೆಟ್ನಾಮಿಗೂ
ಒದಗುತ್ತದೆಂದು ಅವನಿಗೇನು ಗೊತ್ತು.

ಸೂರ್ಯ ಕಷ್ಟ.
ಮರಿವಿಕ್‌ಳ ಊರಿನವನಿಗೆ ಎಂಟು ಕಿರಣ,
ದಿಲ್‌ಮಾಯಾಳವನಿಗೆ ಹನ್ನೆರಡು, ಅದೂ
ಚೌಕವಲ್ಲದ ಬಟ್ಟೆಯಲ್ಲಿ.
ಮೊಫಿಜುಲನ ಸೂರ್ಯನಿಗೆ ಕಿರಣವೇ ಇಲ್ಲ,
ಬರೀ ಕೆಂಪು ತಟ್ಟೆ; ಆದರೆ ನಡುವೆ ಇಡಬಾರದು.
ಕಂಬದ ಕಡೆ ಕೊಂಚ ಸರಿಸಿ ಹೊಲಿದರೆ
ಹಾರುವಾಗ ಸರಿಯಾಗಿ ಮಧ್ಯ ಕಾಣುತ್ತದಂತೆ.
ಇದನ್ನವನು ಹೇಳಿದ್ದು ಊಟದ ಹೊತ್ತಿನಲ್ಲಿ.
ನಾವು ನಾಲ್ವರೂ ತಂತಮ್ಮ ಕಂಬದಿಂದ
ಎಷ್ಟು ದೂರ ಸರಿದು ಕೂತಿದ್ದೇವೆಂದು
ಯಾರೂ ಅಳೆಯಲಿಲ್ಲ. ಟೇಪು ಕೊರಳಲ್ಲೇ ಇತ್ತು.

ಕೆಳಗೆ ಬೀದಿ ಖಾಲಿ. ಬೇಸಿಗೆ ಮೂರು ತಿಂಗಳು
ಹನ್ನೆರಡೂವರೆಯಿಂದ ಮೂರರವರೆಗೆ
ಬಿಸಿಲಲ್ಲಿ ಯಾರೂ ದುಡಿಯಕೂಡದು, ಕಾನೂನು.
ದಿಲ್‌ಮಾಯಾಳ ತಮ್ಮ ಆಗ ಸಿಮೆಂಟಿನ ನೆರಳಲ್ಲಿ
ಹೆಲ್ಮೆಟ್ಟು ತಲೆದಿಂಬು ಮಾಡಿಕೊಂಡು ಮಲಗುತ್ತಾನೆ.
ಈ ದಂಡೆಯ ಆರೂ ದೇಶ ಹೊಲಿದಿದ್ದೇನೆ:
ಗರಗಸದ ಹಲ್ಲುಂಟು, ಕತ್ತಿಯುಂಟು, ಕಠಾರಿಯುಂಟು,
ಸೂರ್ಯನಿಲ್ಲ.
ಮನೆಯಲ್ಲೇ ಕೂತಿರುವ ಯಜಮಾನನ ಪಟವನ್ನು
ಗೋಡೆಗೆ ಯಾರು ತೂಗುಹಾಕುತ್ತಾರೆ?

ಆಗಸ್ಟಿನಲ್ಲೊಂದು ದಿನ ಖೋರ್ ದಕ್ಕೆಯಿಂದ
ವಾರ್ಸಾಮೆ ಬಂದ, ಬೋಸಾಸೋಗೆ ಹೋಗುವ
ಮರದ ಹಡಗಿನ ನಾಖುದಾ.
ಬೆವರಿದ ಕಂಕುಳಿಂದ ಮಡಿಕೆ ತೆಗೆದು,
'ಮಾಸ್ಟರ್, ಇಂಥದ್ದೇ ಇನ್ನೊಂದು' ಎಂದ.
ಬಿಡಿಸಿದೆ. ಬೋಳು ಬಿಳಿ.
ಶರಣಾಗುವುದಕ್ಕೆ ಬೇಕೇ ಎಂದು ನಕ್ಕೆ.
ಅವನು ನಗಲಿಲ್ಲ. ನನ್ನ ಬೆರಳು ಹಿಡಿದು
ಬಟ್ಟೆಯ ಮೇಲೆ ಆಡಿಸಿದ.
ಹೊಲಿಗೆಯ ಏರು ತಾಗಿತು. ಒಂದು ಮೂಲೆ, ಎರಡು.
ಐದು.

ಚುಕ್ಕಿ ಎಲ್ಲಿಗೂ ಹೋಗಿರಲಿಲ್ಲ.
ಸುತ್ತಲಿನ ಆಕಾಶ ಹೋಗಿತ್ತು.

ನಮ್ಮಲ್ಲಿ ಸೂರ್ಯನಿಗೂ ಕಾಲಕ್ಕೂ ಒಂದೇ ಹೆಸರು, ಹೊತ್ತು.
ಹೊತ್ತು ಮೂಡಿತು, ಹೊತ್ತಾಯಿತು, ಹೊತ್ತು ಹೋಯಿತು.
ತಲೆಯ ಮೇಲೆ ಹೊತ್ತದ್ದಕ್ಕೂ
ಒಲೆಯಲ್ಲಿ ಹೊತ್ತಿದ್ದಕ್ಕೂ ಹೆಚ್ಚು ದೂರವಿಲ್ಲ.
ಇದನ್ನವನಿಗೆ ಹರಕು ಅರಬಿಯಲ್ಲಿ ಹೇಳಹೋದೆ:
ಶಮ್ಸ್, ವಕ್ತ್, ಎರಡೂ ಒಂದೇ.
ತಲೆಯಾಡಿಸಿದ, ಕಡಲಿನವನಲ್ಲವೆ.
ಆಮೇಲೆ ಅಂದ: ನೀಲಿ ಹೊಸತು ಹಾಕು,
ಚುಕ್ಕಿ ಇದನ್ನೇ ಬಿಚ್ಚಿ ಹಚ್ಚು.
ಇದಕ್ಕೆ ದಾರಿ ಗೊತ್ತುಂಟು.

ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಕಿತ್ತೆ,
ಈ ಮಗ್ಗುಲು, ಆ ಮಗ್ಗುಲು.
ಎರಡು ಬಿಳಿ ಚುಕ್ಕಿ ಎದ್ದು ಬಂದವು.
ಅವುಗಳ ನಡುವೆ, ಇಷ್ಟು ದಿನ ಯಾರೂ ನೋಡದೆ,
ಬೆಳಕು ಮುಟ್ಟದೆ, ಉಪ್ಪು ಮುಟ್ಟದೆ,
ಮೊದಲ ದಿನದ ನೀಲಿ,
ಚುಕ್ಕಿಯ ಆಕಾರದಲ್ಲಿ.

ಮಿಷನ್ನುಗಳು ನಿಂತವು. ವಾರ್ಸಾಮೆ
ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡ.
ಹೊಸದಕ್ಕೆ ದುಡ್ಡು ಕೊಟ್ಟು, ಹಳೆಯದನ್ನು
ಮೇಜಿನ ಮೇಲೇ ಬಿಟ್ಟು ಮೆಟ್ಟಿಲಿಳಿದ.

ಬಿಳಿಯ ಮೇಲೆ ಒಂದೇ ನೀಲಿ ನಕ್ಷತ್ರ,
ಇದು ಯಾವ ದೇಶ ಎಂದಳು ಮರಿವಿಕ್.
ಗೋಡೆಯ ಪಟ್ಟಿಯಲ್ಲಿ ಹುಡುಕಿದೆವು.
ಪನಾಮಾದ ಒಂದು ಮೂಲೆಯಲ್ಲಿ ಅಂಥದ್ದಿದೆ,
ಉಳಿದ ಬಟ್ಟೆ ಹೊಂದುವುದಿಲ್ಲ.
ಡ್ರಾಯರಿನ ತಳದಲ್ಲಿಟ್ಟಿದ್ದೇನೆ,
ಹೊತ್ತು ತಾಗದ ಕಡೆ.
ಆ ದೇಶದವರು ಯಾರಾದರೂ
ಕೇಳಿಕೊಂಡು ಬಂದಾರು.